ಊಹೆ ತಪ್ಪಿದರೂ ಉಳಿದ ಕಾಮಿಕ್ಸ್

‘ವಿ ಫಾರ್ ವೆಂಡೆಟಾ’ ಕಾಮಿಕ್ಸ್ ಸರಣಿಯನ್ನು ಈಗ ಓದುವವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಇದರಲ್ಲಿರುವುದೆಲ್ಲ ಇವತ್ತಿನದೇ! ಬೀದಿಬೀದಿಯಲ್ಲಿ ಕ್ಯಾಮೆರಾ, ಸರ್ಕಾರದ ದನಿಯಾಗಿಬಿಟ್ಟ ರೇಡಿಯೊ, ಒಂದೇ ಬಣ್ಣದ ಜನರಿಗಷ್ಟೇ ಸೇರಿದ ದೇಶ. ಹೋಲಿಕೆ ಸುಳ್ಳಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಇದು ಯಾವ ಕಾಲದ ಭಯದಲ್ಲಿ ಹುಟ್ಟಿತು?

ಅಲನ್ ಮೂರ್ ಬರೆದು ಡೇವಿಡ್ ಲಾಯ್ಡ್ ಚಿತ್ರಿಸಿದ ಈ ಸರಣಿ 1982ರಲ್ಲಿ ‘ವಾರಿಯರ್’ ಎಂಬ ಬ್ರಿಟಿಷ್ ಪತ್ರಿಕೆಯಲ್ಲಿ ಕಪ್ಪುಬಿಳುಪಿನಲ್ಲಿ ಶುರುವಾಯಿತು. ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬಂದು ಮೂರು ವರ್ಷವಾಗುತ್ತಿತ್ತು. ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಹಿಂದಿನ ವರ್ಷವಷ್ಟೇ ಲಂಡನ್ನಿನ ಬ್ರಿಕ್ಸ್ಟನ್ ಹೊತ್ತಿ ಉರಿದಿತ್ತು. ಅಮೆರಿಕದ ಅಣ್ವಸ್ತ್ರ ಕ್ಷಿಪಣಿಗಳು ತಮ್ಮ ನೆಲಕ್ಕೆ ಬರುವುದು ಬೇಡವೆಂದು ಗ್ರೀನ್‌ಹ್ಯಾಮ್ ಕಾಮನ್ನಿನಲ್ಲಿ ಹೆಂಗಸರು ಬೀಡುಬಿಟ್ಟಿದ್ದರು.

ಕತೆಯ ಹಿನ್ನೆಲೆಯೂ ಇಲ್ಲಿಂದಲೇ ಬಂದಿದೆ. 1983ರ ಚುನಾವಣೆಯಲ್ಲಿ ಲೇಬರ್ ಪಕ್ಷ ಗೆಲ್ಲುತ್ತದೆ, ಕ್ಷಿಪಣಿಗಳನ್ನು ವಾಪಸು ಕಳಿಸುತ್ತದೆ. ಹೀಗಾಗಿ ಮುಂದೆ ನಡೆಯುವ ಅಣುಯುದ್ಧದಲ್ಲಿ ಬ್ರಿಟನ್ ಬಾಂಬುಗಳಿಂದ ಪಾರಾಗುತ್ತದೆ, ಹಸಿವಿನಿಂದ ಪಾರಾಗುವುದಿಲ್ಲ. ಆ ಅರಾಜಕತೆಯಲ್ಲಿ ‘ನಾರ್ಸ್‌ಫೈರ್’ ಎಂಬ ಫ್ಯಾಸಿಸ್ಟ್ ಪಕ್ಷ, ಅಳಿದುಳಿದ ದೊಡ್ಡ ಕಂಪನಿಗಳ ಜೊತೆ ಸೇರಿ ಅಧಿಕಾರ ಹಿಡಿಯುತ್ತದೆ.

ಈ ಊಹೆ ಪೂರ್ತಿ ತಪ್ಪಿತು. 1983ರಲ್ಲಿ ಥ್ಯಾಚರ್ ಭಾರಿ ಬಹುಮತದಿಂದ ಗೆದ್ದರು, ಕ್ಷಿಪಣಿಗಳು ಬಂದಿಳಿದವು, ಯುದ್ಧ ನಡೆಯಲಿಲ್ಲ. ‘ವಾರಿಯರ್’ ನಿಂತುಹೋದ ಮೇಲೆ ಅರ್ಧಕ್ಕೆ ನಿಂತಿದ್ದ ಸರಣಿಯನ್ನು 1988ರಲ್ಲಿ ಅಮೆರಿಕದ ಡಿಸಿ ಕಾಮಿಕ್ಸ್ ಬಣ್ಣದಲ್ಲಿ ಮತ್ತೆ ಶುರುಮಾಡಿತು. ಆಗ ಬರೆದ ಮುನ್ನುಡಿಯಲ್ಲಿ ಮೂರ್ ತನ್ನ ಊಹೆ ಎಳಸಾಗಿತ್ತೆಂದು ಒಪ್ಪಿಕೊಂಡ. ದೇಶವೊಂದು ಫ್ಯಾಸಿಸಂ ಕಡೆ ಜಾರಲು ಅಣುಯುದ್ಧದಂಥ ಮಹಾ ದುರಂತವೇನೂ ಬೇಕಿಲ್ಲ ಎಂಬುದು ಆರು ವರ್ಷಗಳಲ್ಲಿ ಅವನಿಗೆ ಗೊತ್ತಾಗಿತ್ತು. ಅದೇ ವರ್ಷ ಸ್ಥಳೀಯ ಸಂಸ್ಥೆಗಳು ಸಲಿಂಗಪ್ರೇಮವನ್ನು ‘ಉತ್ತೇಜಿಸ’ಬಾರದೆಂಬ ಸೆಕ್ಷನ್ 28 ಜಾರಿಗೆ ಬಂತು. ಕಾಮಿಕ್ಸಿನಲ್ಲಿ ವಲೇರಿ ಎಂಬ ನಟಿ ಹೆಣ್ಣನ್ನು ಪ್ರೀತಿಸಿದ್ದಕ್ಕೇ ಕ್ಯಾಂಪು ಸೇರುತ್ತಾಳೆ. ಕಾನೂನಿಗೂ ಕ್ಯಾಂಪಿಗೂ ನಡುವೆ ದೂರ ಬಹಳವಿದೆ, ನಿಜ. ಆದರೆ ಆ ದಾರಿಯ ಮೊದಲ ಹೆಜ್ಜೆಗೆ ಬಾಂಬಿನ ಸದ್ದು ಬೇಕಾಗಲಿಲ್ಲ.

ಹಾಗಾದರೆ ಭವಿಷ್ಯವನ್ನು ತಪ್ಪಾಗಿ ಹೇಳಿದ ಕೃತಿ ಈಗಲೂ ಯಾಕೆ ಚುಚ್ಚುತ್ತದೆ? ಅದು ಸರಿಯಾಗಿ ಕಂಡದ್ದು ಘಟನೆಗಳನ್ನಲ್ಲ, ಜನರನ್ನು. ಇಲ್ಲಿಯ ಸರ್ಕಾರಕ್ಕೆ ಕಣ್ಣು, ಕಿವಿ, ಮೂಗು, ಬಾಯಿ, ಬೆರಳು ಎಂಬ ಇಲಾಖೆಗಳಿವೆ. ಅವುಗಳಲ್ಲಿ ದುಡಿಯುವವರು ರಾಕ್ಷಸರಲ್ಲ. ಬಡ್ತಿ, ಸಂಸಾರ, ಸಂಜೆಯ ಕುಡಿತ ಅಂತ ಬದುಕುವ ನೌಕರರು. ಮುಖವಾಡದ ನಾಯಕ ವಿ ಟಿವಿ ಕೇಂದ್ರಕ್ಕೆ ನುಗ್ಗಿ ಮಾಡುವ ಭಾಷಣದಲ್ಲೂ ಬೈಸಿಕೊಳ್ಳುವವರು ಅಧಿಕಾರವನ್ನು ಕಂಡಕಂಡವರ ಕೈಗೆ ಒಪ್ಪಿಸಿ ಕೂತ ಜನಸಾಮಾನ್ಯರೇ.

ಕೊನೆಗೆ ಸರ್ವಾಧಿಕಾರಿ ಆಡಮ್ ಸೂಸನ್‌ನನ್ನು ಕೊಲ್ಲುವವನು ವಿ ಅಲ್ಲ. ರೋಸ್ ಆಲ್ಮಂಡ್ ಎಂಬ ವಿಧವೆ. ಅವಳ ಗಂಡ ‘ಬೆರಳು’, ಅಂದರೆ ಗುಪ್ತ ಪೊಲೀಸ್ ದಳದ ಮುಖ್ಯಸ್ಥನಾಗಿದ್ದವನು. ಆ ವ್ಯವಸ್ಥೆಯ ನೆರಳಲ್ಲೇ ಬಾಳಿದ ಹೆಂಗಸು ಎಲ್ಲವನ್ನೂ ಕಳೆದುಕೊಂಡ ಮೇಲೆ ಬಂದೂಕು ಹಿಡಿಯುತ್ತಾಳೆ. ಈ ಕತೆಯ ಮೇಲೆ ತೆಗೆದ ಸಿನಿಮಾದಲ್ಲಿ ರೋಸ್ ಇಲ್ಲವೇ ಇಲ್ಲ. ಜಗತ್ತಿನ ಪ್ರತಿಭಟನೆಗಳಿಗೆಲ್ಲ ಹೋದದ್ದು ವಿಯ ಮುಖವಾಡ. ರೋಸ್‌ಳ ಮುಖ ಪುಸ್ತಕದಲ್ಲೇ ಉಳಿಯಿತು.

ಡಿಸ್ಟೋಪಿಯವನ್ನು ಭವಿಷ್ಯವಾಣಿಯೆಂದು ಓದಿದರೆ, ನುಡಿದದ್ದು ನಿಜವಾಯಿತೋ ಇಲ್ಲವೋ ಎಂದು ಲೆಕ್ಕ ಹಾಕಿ ಸುಮ್ಮನಾಗುತ್ತೇವೆ. ಅದರ ಕಾಲದ ದಾಖಲೆಯೆಂದು ಓದಿದರೆ ಆ ಲೆಕ್ಕದ ಸಮಾಧಾನ ಸಿಗುವುದಿಲ್ಲ. ಇವತ್ತಿನ ನಾಯಕರಲ್ಲಿ ಸೂಸನ್ ಯಾರೆಂದು ಹುಡುಕುವುದು ಸುಲಭ. ಗಂಡನ ಕೆಲಸದ ಬಗ್ಗೆ ಏನೂ ಕೇಳದೆ ಬಾಳಿದ ರೋಸ್ ಯಾರೆಂದು ಹುಡುಕಹೊರಟರೆ ನಮ್ಮ ಮನೆಯಿಂದಲೇ ಶುರುಮಾಡಬೇಕಾಗುತ್ತದೆ.