ರಾಜಶಾಸನ (ಡೆನ್ಮಾರ್ಕ್, 1665)

ಡೆನ್ಮಾರ್ಕ್–ನಾರ್ವೆಯ ದೊರೆ 3ನೆಯ ಫ್ರೆಡರಿಕ್ 1665ರ ನವೆಂಬರ್ 14ರಂದು ಸಹಿ ಹಾಕಿದ ಮೂಲಶಾಸನ; 40 ವಿಧಿಗಳುಳ್ಳದ್ದು. ಕರಡು ಬರೆದವನು ಪೇಡರ್ ಶುಮಾಕರ್, ಮುಂದೆ ಗ್ರಿಫೆನ್‌ಫೆಲ್ಡ್ ಎಂದು ಹೆಸರಾದವನು. ದೊರೆ ಮಾನವ ಕಾನೂನುಗಳಿಗೆಲ್ಲ ಮೇಲಿನವನು, ದೇವರನ್ನು ಬಿಟ್ಟರೆ ಅವನಿಗೆ ಬೇರೆ ನ್ಯಾಯಾಧೀಶನಿಲ್ಲ ಎಂದು ಇದು ಸಾರಿತು. ನಿರಂಕುಶ ಪ್ರಭುತ್ವವನ್ನು ಹೀಗೆ ಲಿಖಿತ ಸಂವಿಧಾನವಾಗಿಸಿದ ಇನ್ನೊಂದು ದೇಶ ಅಂದಿನ ಯುರೋಪಿನಲ್ಲಿರಲಿಲ್ಲ. 14ನೆಯ ಲೂಯಿಯ ಫ್ರಾನ್ಸಿನಲ್ಲೂ ಇಂಥ ದಾಖಲೆ ಇರಲಿಲ್ಲ. ನಿರಂಕುಶ ಮತ್ತು ಸಂವಿಧಾನಬದ್ಧ ಎಂಬ ರೂಢಿಯ ವಿಂಗಡಣೆಗೆ ಡೆನ್ಮಾರ್ಕ್ ಸುಲಭವಾಗಿ ಒಗ್ಗದು.

1660ಕ್ಕೆ ಮೊದಲು ಡೆನ್ಮಾರ್ಕಿನಲ್ಲಿ ದೊರೆಯನ್ನು ಆರಿಸಲಾಗುತ್ತಿತ್ತು. ಪಟ್ಟಕ್ಕೆ ಬರುವವನು ಕುಲೀನರ ರಾಜ್ಯಮಂಡಲಿಗೆ ಷರತ್ತುಗಳ ಕರಾರುಪತ್ರ ಬರೆದುಕೊಡಬೇಕಿತ್ತು. 1648ರಲ್ಲಿ ಫ್ರೆಡರಿಕ್ ಬರೆದುಕೊಟ್ಟದ್ದು ಬಹು ಬಿಗಿಯಾದುದು. 1657–60ರ ಸ್ವೀಡನ್ ಯುದ್ಧಗಳು ಸ್ಕೋನೆ ಸೀಮೆಯನ್ನು ಕಸಿದು ಬೊಕ್ಕಸವನ್ನು ಬರಿದು ಮಾಡಿದವು. ರಾಜಧಾನಿ ಕೋಪನ್‌ಹೇಗನ್ ಮಾತ್ರ ಮುತ್ತಿಗೆಗೆ ಮಣಿಯಲಿಲ್ಲ; ನಗರ ಕಾದವರಲ್ಲಿ ವರ್ತಕರೂ ಇದ್ದರು.

1660ನ್ನೇ ನಿರಂಕುಶ ಆಳ್ವಿಕೆಯ ಆರಂಭವೆಂದು ಅನೇಕ ಪುಸ್ತಕಗಳು ಬರೆಯುತ್ತವೆ. ದಾಖಲೆಗಳ ಪ್ರಕಾರ ಅದು ಪೂರ್ತಿ ಸರಿಯಲ್ಲ. ಆ ಸೆಪ್ಟೆಂಬರ್‌ನಲ್ಲಿ ಕುಲೀನರು, ಪಾದ್ರಿಗಳು, ವರ್ತಕರ ವರ್ಗಸಭೆ ಕೂಡಿದಾಗ ಚರ್ಚೆಗೆ ಬಂದದ್ದು ತೆರಿಗೆ. ಕುಲೀನರು ತಮ್ಮ ವಿನಾಯಿತಿ ಬಿಡಲು ಹಿಂಜರಿದರು. ಮೇಯರ್ ಹಾನ್ಸ್ ನಾನ್ಸೆನ್ ಮುಂದಾಳುತನದ ವರ್ತಕರೂ ಬಿಷಪ್ ಹಾನ್ಸ್ ಸ್ವಾನೆಯ ಕಡೆಯ ಪಾದ್ರಿಗಳೂ ಒಂದಾಗಿ, ಕಿರೀಟ ವಂಶಪಾರಂಪರ್ಯವಾಗಲಿ ಎಂದರು. ಅಕ್ಟೋಬರ್‌ನಲ್ಲಿ ನಗರದ ಬಾಗಿಲುಗಳನ್ನು ಮುಚ್ಚಲಾಯಿತು. ಹೊರಹೋಗಲಾರದ ಕುಲೀನರು ಒಪ್ಪಿದರು. ದೊರೆಯ ಕರಾರುಪತ್ರ ರದ್ದಾಗಿ ಅವನ ಕೈಗೇ ಮರಳಿತು. ಆದರೆ ಅಲ್ಲಿಯವರೆಗೆ ಕೊಟ್ಟದ್ದು ವಂಶದ ಹಕ್ಕು ಮಾತ್ರ. ಹೊಸ ವ್ಯವಸ್ಥೆ ಹೇಗಿರಬೇಕೆಂದು ಅದಕ್ಕಾಗಿ ನೇಮಿಸಿದ ಸಮಿತಿಯಲ್ಲಿ ಒಮ್ಮತ ಮೂಡದೆ ಅದನ್ನು ದೊರೆಗೇ ಬಿಡಲಾಯಿತು. ಪೂರ್ಣಾಧಿಕಾರವನ್ನು ಹೆಸರಿಸಿದ ಪತ್ರ ಹೊರಟದ್ದು 1661ರ ಜನವರಿಯಲ್ಲಿ. ಅದಕ್ಕೆ ಒಪ್ಪಿಗೆಯ ಸಹಿ ಸಂಗ್ರಹ ಐಸ್‌ಲೆಂಡಿನ ಕೋಪಾವೋಗುರ್ ಮುಟ್ಟಿದ್ದು 1662ರಲ್ಲಿ.

ಇಂಗ್ಲೆಂಡಿನ ರಾಯಭಾರಿಯಾಗಿದ್ದ ರಾಬರ್ಟ್ ಮೋಲ್ಸ್‌ವರ್ತ್ 1694ರ ತನ್ನ ಪುಸ್ತಕದಲ್ಲಿ ಈ ಬದಲಾವಣೆಯನ್ನು ನಾಲ್ಕೇ ದಿನಗಳಲ್ಲಿ ಸ್ವಾತಂತ್ರ್ಯ ಕಳೆದುಕೊಂಡವರ ಕಥೆಯಾಗಿ ಬರೆದ. 1689ರಲ್ಲಷ್ಟೇ ಹಕ್ಕುಗಳ ಮಸೂದೆ ಗಳಿಸಿದ್ದ ಇಂಗ್ಲಿಷ್ ಓದುಗರಿಗೆ ಅದು ಎಚ್ಚರಿಕೆಯ ಮಾತಾಯಿತು. ನಾಲ್ಕು ದಿನಗಳ ಈ ಲೆಕ್ಕ ಮೇಲಿನ ಕಾಲಕ್ರಮಕ್ಕೆ ಹೊಂದುವುದಿಲ್ಲ. ವರ್ತಕರು ತಾವಾಗಿ ಮುಂದೆ ಬಂದರೋ, ಅರಮನೆ ಅವರನ್ನು ಮುಂದೆ ತಳ್ಳಿತೋ ಎಂಬ ವಿವಾದ ಇನ್ನೂ ತೀರಿಲ್ಲ. ಮುಚ್ಚಿದ ಬಾಗಿಲುಗಳನ್ನು ನೋಡಿದರೆ, ದೊರೆ ಬರೀ ಕೈಕಟ್ಟಿ ಕುಳಿತಿದ್ದನೆಂಬ ವಾದ ನಿಲ್ಲದು.

ಶಾಸನ ದೊರೆಗೂ ಕೆಲವು ಎಲ್ಲೆಗಳನ್ನು ಹಾಕಿತು: ಆತ ಲೂಥರನ್ ಪಂಥದ ಆಗ್ಸ್‌ಬರ್ಗ್ ಧರ್ಮನಿವೇದನೆಗೆ ಬದ್ಧನಾಗಿರಬೇಕು, ರಾಜ್ಯವನ್ನು ಹಂಚಬಾರದು, ಈ ಶಾಸನವನ್ನು ತಿದ್ದಬಾರದು. ಆದರೆ ಆತ ಯಾರಿಗೂ ಪ್ರಮಾಣವಚನ ಕೊಡಬೇಕಿರಲಿಲ್ಲ. 14ನೆಯ ವಯಸ್ಸಿಗೆ ಕಾಲಿಟ್ಟರೆ ದೊರೆ ಪ್ರಾಪ್ತವಯಸ್ಕ. ಪ್ರಜೆಗಳನ್ನು ಇಷ್ಟು ಕಟ್ಟಿಹಾಕಿದ ಈ ಬರಹ ಅಚ್ಚಾಗಿ ಪ್ರಕಟವಾದದ್ದು 1709ರಲ್ಲಿ!

ಆಮೇಲಿನದು ಸಂಕ್ಷಿಪ್ತ. 7ನೆಯ ಕ್ರಿಶ್ಚಿಯನ್‌ನ ಮನೋರೋಗದ ಕಾಲದಲ್ಲಿ ವೈದ್ಯ ಸ್ಟ್ರೂಯೆನ್ಸೆ ದೊರೆಯ ಹೆಸರಿನಲ್ಲಿ ಆಳಿ 1772ರಲ್ಲಿ ಮರಣದಂಡನೆಗೆ ಗುರಿಯಾದ. ಅಧಿಕಾರವೆಲ್ಲ ಒಬ್ಬನಲ್ಲೇ ಇಟ್ಟ ಶಾಸನಕ್ಕೆ ಆ ಒಬ್ಬನ ಅಸ್ವಾಸ್ಥ್ಯ ದೊಡ್ಡ ಸವಾಲಾಯಿತು. ನಾರ್ವೆಯಲ್ಲಿ 1814ರಲ್ಲಿ, ಡೆನ್ಮಾರ್ಕಿನಲ್ಲಿ 1849ರ ಜೂನ್ 5ರ ಸಂವಿಧಾನದೊಂದಿಗೆ ನಿರಂಕುಶ ಆಳ್ವಿಕೆ ಮುಗಿಯಿತು. 1665ರ ಶಾಸನದಲ್ಲಿ ರಾಜಮನೆತನದ ಸದಸ್ಯರಿಗೆ ಸಂಬಂಧಿಸಿದ 21 ಮತ್ತು 25ನೆಯ ವಿಧಿಗಳು ಮಾತ್ರ ಇಂದಿಗೂ ಜಾರಿಯಲ್ಲಿವೆ.