ತುರಿಕಜ್ಜಿಯಿಂದ ಹೂದಾನಿಗೆ

ಸ್ಕೇಬಿಯೋಸ ಎಂಬ ಹೆಸರು ಕಿವಿಗೆ ಇಂಪಾಗಿದ್ದರೂ ಅದರ ಹುಟ್ಟು ಅಷ್ಟೇನೂ ಚೆಂದದ್ದಲ್ಲ. ಲ್ಯಾಟಿನ್ನಿನ 'ಸ್ಕಾಬೆರೆ' ಎಂದರೆ ಕೆರೆದುಕೊಳ್ಳುವುದು. ತುರಿಕಜ್ಜಿಗೆ ವೈದ್ಯರು ಹೇಳುವ 'ಸ್ಕೇಬೀಸ್' ಬಂದದ್ದು ಅಲ್ಲಿಂದ, ಈ ಹೂವಿನ ಹೆಸರು ಬಂದದ್ದೂ ಅಲ್ಲಿಂದಲೇ. ಮಧ್ಯಯುಗದ ಯುರೋಪಿನಲ್ಲಿ ಕಜ್ಜಿ, ಹುಣ್ಣು, ಚರ್ಮದ ಬೇನೆಗಳಿಗೆ ಈ ಜಾತಿಯ ಕಾಡುಗಿಡಗಳನ್ನು ಔಷಧಿಯಾಗಿ ಬಳಸುತ್ತಿದ್ದರು. ಕನ್ನಡದ ತುರಚೆ ಗಿಡಕ್ಕೂ ತುರಿಕೆಯಿಂದಲೇ ಹೆಸರು. ಆದರೆ ಅದು ಮುಟ್ಟಿದರೆ ತುರಿಕೆ ತರುವ ಗಿಡ, ಇದು ತುರಿಕೆ ಕಳೆಯುತ್ತದೆಂದು ಜನ ನಂಬಿದ್ದ ಗಿಡ. ರೋಗ ಕೊಡುವುದಕ್ಕೂ ರೋಗ ಕಳೆಯುವುದಕ್ಕೂ ಭಾಷೆ ಒಂದೇ ಬಗೆಯ ಹೆಸರು ಕೊಟ್ಟುಬಿಡುತ್ತದೆ.

ಹೊಲದ ಅಂಚಿನ ಮದ್ದಿನ ಗಿಡಗಳ ಬಂಧುವೊಂದು ಹೂದೋಟಕ್ಕೆ ಬಂತು. ಸಸ್ಯಶಾಸ್ತ್ರದಲ್ಲಿ ಅದು ಸ್ಕೇಬಿಯೋಸ ಅಟ್ರೋಪರ್ಪ್ಯೂರಿಯ. 1753ರಲ್ಲಿ ಲಿನೇಯಸ್ ಇಟ್ಟ ಈ ಹೆಸರಿನ ಎರಡನೇ ಪದಕ್ಕೆ ಕಪ್ಪಿಗೆ ತಿರುಗಿದ ನೇರಳೆ ಎಂದರ್ಥ. ಮೊಣಕಾಲಿನಿಂದ ಸೊಂಟದವರೆಗೆ ಬೆಳೆಯುವ ಗಿಡ, ತೆಳ್ಳಗಿನ ಉದ್ದ ದಂಟು, ಅದರ ತುದಿಯಲ್ಲಿ ಸಣ್ಣ ಸಣ್ಣ ಹೂಗಳು ಒತ್ತೊತ್ತಾಗಿ ಸೇರಿದ ಒಂದು ಉಬ್ಬಿದ ಗುಂಡು. ಒಂದೇ ಹೂವಿನಂತೆ ಕಾಣುವುದು ನಿಜದಲ್ಲಿ ಹೂಗಳ ಸಂತೆ. ಪ್ರತಿ ಪುಟ್ಟ ಹೂವಿನಿಂದ ಬಿಳಿಯ ಕೇಸರಗಳು ಹೊರಕ್ಕೆ ಚಾಚಿ, ದರ್ಜಿಯ ಮೇಜಿನ ಮೇಲೆ ಗುಂಡುಸೂಜಿ ಚುಚ್ಚಿಟ್ಟ ಪುಟ್ಟ ದಿಂಬಿನಂತೆ ತೋರುತ್ತದೆ. ಇಂಗ್ಲಿಷರು ಅದನ್ನು ಪಿನ್‌ಕುಶನ್ ಹೂವು ಎಂದದ್ದು ಇದಕ್ಕೇ.

ಅದರ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡು. ಇಂಗ್ಲೆಂಡಿನ ತೋಟಗಳಲ್ಲಿ ಅದು 17ನೇ ಶತಮಾನದ ಆರಂಭಕ್ಕೇ ಇತ್ತು. ಜಾನ್ ಪಾರ್ಕಿನ್ಸನ್ 1629ರಲ್ಲಿ ಪ್ರಕಟಿಸಿದ ಹೂದೋಟದ ದೊಡ್ಡ ಪುಸ್ತಕದ ಕಾಲಕ್ಕೆ ಅದನ್ನು ಬೆಳೆಸುತ್ತಿದ್ದರು. ತಮಾಷೆಯೆಂದರೆ, ಅಂದಿನ ಕೆಲವು ತೋಟಗಾರಿಕೆ ಪುಸ್ತಕಗಳು ಇದನ್ನು 'ಇಂಡಿಯನ್ ಸ್ಕೇಬಿಯಸ್' ಎಂದು ಕರೆದವು. ಹೂವಿಗೂ ಇಂಡಿಯಾಕ್ಕೂ ಯಾವ ನಂಟೂ ಇರಲಿಲ್ಲ. ದೂರದಿಂದ ಬಂದದ್ದಕ್ಕೆಲ್ಲ ಇಂಡಿಯ, ಆಫ್ರಿಕ, ಟರ್ಕಿ ಎಂದು ಚೀಟಿ ಅಂಟಿಸುವ ಕಾಲ ಅದು. ಮೆಕ್ಸಿಕೋದ ಚೆಂಡು ಹೂವನ್ನು ಇಂಗ್ಲಿಷರು ಇವತ್ತಿಗೂ ಆಫ್ರಿಕನ್ ಮಾರಿಗೋಲ್ಡ್ ಎನ್ನುತ್ತಾರೆ.

ಕಪ್ಪುನೇರಳೆ ಬಣ್ಣವೇ ಅದರ ಮುಂದಿನ ಕಥೆಯನ್ನು ಬರೆಯಿತು. ಸ್ಪೇನಿನಲ್ಲಿ ಅದು 'ವ್ಯೂದ', ಅಂದರೆ ವಿಧವೆ. ಇಟಲಿಯಲ್ಲಿ 'ವೆದೊವಿನ', ಪುಟ್ಟ ವಿಧವೆ. ಫ್ರಾನ್ಸಿನಲ್ಲಿ ವಿಧವೆಯರ ಹೂವು, ಇಂಗ್ಲಿಷಿನಲ್ಲೂ ಶೋಕದ ವಿಧವೆ. ಸಂಸ್ಕೃತದ 'ವಿಧವಾ', ಲ್ಯಾಟಿನ್ನಿನ 'ವಿದುಆ' ಎರಡೂ ಒಂದೇ ಬೇರಿನ ಪದಗಳಾದ್ದರಿಂದ ಈ ಯುರೋಪಿನ ಹೆಸರುಗಳು ಕನ್ನಡದ ಕಿವಿಗೆ ಪೂರ್ತಿ ಪರಕೀಯವಲ್ಲ. ಪೋರ್ಚುಗೀಸರು ಮಾತ್ರ ಇನ್ನೊಂದು ದಾರಿ ಹಿಡಿದರು. ಅವರಿಗೆ ಅದು 'ಸೌದಾದೆ'. ಅಗಲಿದವರ ಹಂಬಲ, ಹೋದದ್ದರ ನೆನಪು, ಆ ನೆನಪಿನೊಳಗೇ ಇರುವ ಒಂದು ಸುಖ, ಎಲ್ಲವೂ ಕೂಡಿದ ಪದ. ಅನುವಾದಕರು ಇದನ್ನು ಅನುವಾದವಾಗದ ಪದಗಳ ಪಟ್ಟಿಯ ತಲೆಗೇ ಇಡುತ್ತಾರೆ. ಕನ್ನಡದ 'ಹಂಬಲ' ಅದರ ಅರ್ಧ ದಾರಿಯವರೆಗಾದರೂ ಹೋಗಬಲ್ಲದು. ಒಂದು ಬಣ್ಣಕ್ಕೆ ವಿಧವೆಯ ವೇಷ ತೊಡಿಸಿದ ಹೆಸರುಗಳಿಗಿಂತ ಈ ಹೆಸರೇ ಹೂವಿಗೆ ಹೆಚ್ಚು ನ್ಯಾಯ ಮಾಡಿದೆ.

19ನೇ ಶತಮಾನದಲ್ಲಿ ಹೂವಿನ ದೆಸೆ ತಿರುಗಿತು. ಆರಿಸಿ ಆರಿಸಿ ಬೀಜ ಕಟ್ಟಿದ್ದರಿಂದ ಬಿಳಿ, ಗುಲಾಬಿ, ತಿಳಿನೀಲಿ, ಕಡುಗೆಂಪು ಬಣ್ಣಗಳು ಬಂದವು. ಬ್ರಿಟನ್ನಿನಲ್ಲಿ 1840ರಲ್ಲಿ ಪೆನ್ನಿ ಅಂಚೆ ಶುರುವಾದ ಮೇಲೆ ಬೀಜದ ಪೊಟ್ಟಣ ಕಾಗದದ ಹಾಗೆ ಮನೆ ಬಾಗಿಲಿಗೆ ಬರತೊಡಗಿತು. 1806ರಲ್ಲಿ ರೆಡಿಂಗ್ ಊರಿನಲ್ಲಿ ಆರಂಭವಾದ ಸಟನ್ಸ್ ಕಂಪನಿ ಹೀಗೆ ಬೆಳೆದವುಗಳಲ್ಲಿ ಒಂದು. ಮಧ್ಯಮ ವರ್ಗದ ಮನೆಗಳ ಊಟದ ಮೇಜಿಗೆ ಹೂದಾನಿ ಬಂತು. ಕತ್ತರಿಸಿದ ಮೇಲೂ ವಾರದ ಹತ್ತಿರ ಬಾಳುವ, ಉದ್ದ ದಂಟಿನ ಈ ಹೂವು ಆ ಮೇಜಿಗೆಂದೇ ಹುಟ್ಟಿದಂತಿತ್ತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಬ್ರಿಸ್ಟಲ್ ಬಳಿಯ ಐಸಾಕ್ ಹೌಸ್ ನರ್ಸರಿ ಇದರ ಬಹುವಾರ್ಷಿಕ ಸೋದರಿ, ಕಾಕಸಸ್ ಪರ್ವತಗಳ ನೀಲಿ ಸ್ಕೇಬಿಯೋಸವನ್ನು ಮಾರುಕಟ್ಟೆಯ ಹೂವಾಗಿ ಬೆಳೆಸಿತು. 'ಹೌಸಸ್ ಹೈಬ್ರಿಡ್ಸ್' ಎಂಬ ಬೀಜ ಇಂದಿಗೂ ಸಿಗುತ್ತದೆ.

ಇಂಡಿಯಾಕ್ಕೆ ಹೂವು ಬಂದದ್ದು ಹೀಗೆ ಪೊಟ್ಟಣದೊಳಗೆ, 'ಇಂಗ್ಲಿಷ್ ಚಳಿಗಾಲದ ಹೂಗಳು' ಎಂಬ ಗುಂಪಿನಲ್ಲಿ. ಕಂಟೋನ್ಮೆಂಟಿನ ಬಂಗಲೆಯ ದೊರೆಸಾನಿ ಮಳೆಗಾಲ ಮುಗಿಯುವುದನ್ನು ಕಾದು ಬಿತ್ತಿಸುತ್ತಿದ್ದಳು. ಮೊಳಕೆ ಬರಿಸಿ, ಸಸಿ ಕಿತ್ತು ನೆಟ್ಟು, ನೀರು ಹನಿಸುವ ಕೆಲಸ ಮಾಲಿಯದು. ಬಂಗಾಳದಲ್ಲಿದ್ದ ಪಾದ್ರಿ ಫರ್ಮಿಂಜರ್ 1860ರ ದಶಕದಲ್ಲಿ ಬರೆದ ತೋಟಗಾರಿಕೆಯ ಕೈಪಿಡಿ ಇಂಥ ಮನೆಗಳಿಗೆಂದೇ ಹುಟ್ಟಿದ್ದು. ಪುಣೆಯಲ್ಲಿ 1884ರಲ್ಲಿ ಪೋಚಾ ಅವರ ಬೀಜದಂಗಡಿ ಶುರುವಾಯಿತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಫಲಪುಷ್ಪ ಪ್ರದರ್ಶನ ಊರಿನ ಹಬ್ಬವಾಯಿತು.

ಆದರೂ ಸ್ಕೇಬಿಯೋಸಕ್ಕೆ ಕನ್ನಡದಲ್ಲಿ ಹೆಸರು ಹುಟ್ಟಲಿಲ್ಲ. ಪರದೇಶದ ಹೂವೆಂಬುದು ಇದಕ್ಕೆ ಕಾರಣವಲ್ಲ. ಚೆಂಡು ಹೂವೂ ಪರದೇಶದ್ದೇ. ಸ್ವೀಡನ್ನಿನ ಆಂಡರ್ಸ್ ದಾಲ್ ಎಂಬ ಸಸ್ಯಶಾಸ್ತ್ರಜ್ಞನ ಹೆಸರು ಹೊತ್ತ ಡೇಲಿಯ ಮಲೆನಾಡಿನಲ್ಲಿ 'ಡೇರೆ ಹೂ' ಆಯಿತು. ಅದರ ಗೆಡ್ಡೆ ಅಂಗಳದಿಂದ ಅಂಗಳಕ್ಕೆ ಸೆರಗಿನಲ್ಲಿ ದಾಟಿ ಹೋಯಿತು. ಚೀನಾದ ಆಸ್ಟರ್ ಹಾರಕ್ಕೇ ಸೇರಿಕೊಂಡಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ 'ಕಾಮಿನಿ', 'ಪೂರ್ಣಿಮಾ' ಎಂದು ಅದರ ತಳಿಗಳಿಗೆ ಮನೆಮಗಳ ಹೆಸರಿಟ್ಟಿತು.

ಕಾರಣ ಬಹುಶಃ ದಂಟಿನಲ್ಲಿದೆ. ಕನ್ನಡದಲ್ಲಿ ಹೂವನ್ನು ಬಿಡಿಸುತ್ತಾರೆ, ಕೊಯ್ಯುತ್ತಾರೆ, ಕೀಳುತ್ತಾರೆ, ಕತ್ತರಿಸುವುದು ಕಡಿಮೆ. ಬೇಕಾದದ್ದು ತಲೆ ಮಾತ್ರ. ಅದು ಬುಟ್ಟಿಗೆ ಬೀಳುತ್ತದೆ, ದಾರಕ್ಕೆ ಏರುತ್ತದೆ, ಮೊಳ ಮಾರುಗಳಲ್ಲಿ ಅಳತೆಯಾಗಿ ಜಡೆಗೋ ದೇವರಿಗೋ ಹೋಗುತ್ತದೆ. ಸ್ಕೇಬಿಯೋಸದ ದೊಡ್ಡ ಗುಣವೆಂದರೆ ಆ ಉದ್ದ ದಂಟು, ಹಾರಕ್ಕೆ ಬೇಡವಾದದ್ದೂ ಅದೇ. ದಂಟು ಕಿತ್ತ ಹೂವಿನ ಗುಂಡು ಬಿಸಿಲಲ್ಲಿ ಬೇಗ ಬಾಡುತ್ತದೆ, ಮಲ್ಲಿಗೆಯಂತೆ ಘಮಘಮಿಸುವುದೂ ಇಲ್ಲ. ಹತ್ತಿರ ಮೂಗಿಟ್ಟರೆ ಜೇನಿನಂಥ ತೆಳು ವಾಸನೆ ಅಷ್ಟೆ. ಹೀಗಾಗಿ ಅದು ಹೂದಾನಿಯ ಮನೆಗಳಲ್ಲೇ ಉಳಿಯಿತು. ಅದನ್ನು ಬೆಳೆಸಿದ ಮಾಲಿಗಳು ತಮ್ಮೊಳಗೆ ಏನೆಂದು ಕರೆದುಕೊಂಡರೋ, ಯಾವ ನಿಘಂಟೂ ಕೇಳಲು ಹೋಗಲಿಲ್ಲ. ಈ ಇತಿಹಾಸದಲ್ಲಿ ನಿಜವಾಗಿ ಕಳೆದುಹೋದ ಪುಟ ಅದು.

ಈಗ ಬಾಲ್ಕನಿಗಳ ಕಾಲ. ಬೆಂಗಳೂರು, ಪುಣೆ, ದೆಹಲಿಗಳಲ್ಲಿ ಮಳೆ ನಿಂತ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಬಿತ್ತಿದರೆ ಸರಿಯಾದ ಹದ. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಕಷ್ಟ. ಅಲ್ಲಿ ಇನ್ನಷ್ಟು ತಡೆದು, ಇರುವ ಚೂರು ಚಳಿಯನ್ನೇ ಹಿಡಿಯಬೇಕು. ಬೀಜ ನೋಡುವುದೇ ಒಂದು ಖುಷಿ: ಕಾಗದದಂಥ ಗರಿಯ ನಡುವೆ ಐದು ಕಪ್ಪು ಮುಳ್ಳು, ಥೇಟ್ ಪುಟ್ಟ ಶಟಲ್ ಕಾಕ್. ಮೇಲೆ ತೆಳುವಾಗಿ ಮಣ್ಣುದುರಿಸಿ ತೇವ ಆರದಂತೆ ನೋಡಿಕೊಂಡರೆ ಎರಡು ವಾರದೊಳಗೆ ಮೊಳಕೆ. ನಾಲ್ಕೈದು ಜೊತೆ ಎಲೆ ಬಂದಾಗ ಕುಡಿ ಚಿವುಟಬೇಕು, ಗಿಡದಿಂದ ಗಿಡಕ್ಕೆ ಒಂದಡಿ ಬಿಡಬೇಕು, ನೀರು ನಿಲ್ಲಬಾರದು. ಹೂ ಬರಲು ಸುಮಾರು ಮೂರು ತಿಂಗಳು.

ಅಂಚಿನ ಹೂಗಳು ಬಿಚ್ಚಿ ನಡುವಿನವು ಇನ್ನೂ ಮೊಗ್ಗಾಗಿರುವಾಗ, ಬೆಳಗಿನ ತಂಪಿನಲ್ಲಿ, ಗೆಣ್ಣಿನವರೆಗೂ ದಂಟು ಕತ್ತರಿಸಿ ನೀರಿಗಿಡಬೇಕು. ಕತ್ತರಿಸಿದಷ್ಟೂ ಗಿಡ ಮತ್ತೆ ಹೂ ಬಿಡುತ್ತದೆ. ಬೀಜ ಕಟ್ಟಿ ಮುಗಿಸುವುದು ಅದರ ಹಟ, ಮುಗಿಸಲು ಬಿಡದಿರುವುದು ಬೆಳೆಸುವವರ ಹಟ. ಮುಂದಿನ ವರ್ಷಕ್ಕೆಂದು ಕೊನೆಯ ಕೆಲವು ಹೂಗಳನ್ನು ಗಿಡದಲ್ಲೇ ಒಣಗಲು ಬಿಡಬಹುದು. ಜೇನುನೊಣಗಳು ಒಂದು ಬಣ್ಣದ ಹೂವಿನಿಂದ ಇನ್ನೊಂದು ಬಣ್ಣದ ಹೂವಿಗೂ ಹಾರುವುದರಿಂದ, ಕಪ್ಪು ಹೂವಿನ ಬೀಜವೆಂದು ಚೀಟಿ ಬರೆದಿಟ್ಟ ಪೊಟ್ಟಣದಿಂದ ಗುಲಾಬಿಯೂ ಬರಬಹುದು, ಬಿಳಿಯೂ ಬರಬಹುದು.