ತನ್ನ ತಪ್ಪನ್ನು ತಾನೇ ತಿದ್ದುವ ಧ್ವನಿವರ್ಧಕ

ವಾಚಕರೇ, ನಿಮ್ಮ ರೇಡಿಯೋದ ಹಾಡು ಒಡಕಿಲ್ಲದೆ ಕೇಳಿಬರುವುದರ ಹಿಂದೆ ಒಂದು ಕಥೆಯುಂಟು.

ದೂರದ ಟೆಲಿಫೋನು ತಂತಿಗಳಲ್ಲಿ ದನಿ ಬಡವಾಗದಂತೆ ಅಲ್ಲಲ್ಲಿ ವರ್ಧಕಗಳನ್ನಿಡುತ್ತಿದ್ದರು. ಒಂದೊಂದೂ ತನ್ನ ಪಾಲಿನ ವಿಕಾರವನ್ನು ಕೂಡಿಸುತ್ತಿತ್ತು. ಅಮೆರಿಕದ ಬೆಲ್ ಪ್ರಯೋಗಶಾಲೆಯ ಹೆರಾಲ್ಡ್ ಬ್ಲ್ಯಾಕ್ ಎಂಬವರಿಗೆ ಇದೇ ಚಿಂತೆ. 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿಯನ್ನು ದಾಟುತ್ತಿರುವಾಗ ಉಪಾಯ ಹೊಳೆಯಿತು. ಕೈಯಲ್ಲಿದ್ದ ವೃತ್ತಪತ್ರಿಕೆಯ ಮೇಲೆಯೇ ಬರೆದುಕೊಂಡರು. ಹೊರಬಂದ ದನಿಯ ಒಂದಂಶವನ್ನು ವಿರುದ್ಧವಾಗಿ ತಿರುಗಿಸಿ ಒಳಹೋಗುವ ದನಿಗೆ ಸೇರಿಸಬೇಕು! ಓದುವ ಹುಡುಗನು ತನ್ನ ದನಿಗೆ ತಾನೇ ಕಿವಿಗೊಟ್ಟು ಉಚ್ಚಾರ ತಿದ್ದಿಕೊಂಡಂತೆ. ಬಲವೇನೋ ಕುಗ್ಗುತ್ತದೆ, ವಿಕಾರವೂ ಕುಗ್ಗುತ್ತದೆ.

ಗಳಿಸಿದ ಬಲವನ್ನು ಬಿಟ್ಟುಕೊಡುವ ಯಂತ್ರವನ್ನು ನಂಬುವವರು ಯಾರು? 1928ರಲ್ಲಿ ಕೇಳಿದ ಪೇಟೆಂಟು ದೊರೆತದ್ದು 1937ರಲ್ಲಿ.

ಇಂದಿಗೂ ರಿಪೇರಿಗೆ ಕುಳಿತವರು ಆ ಮರುದಾರಿಯನ್ನು ನೋಡುತ್ತಾರೆ. ಅದು ಕಡಿದರೆ ಸದ್ದು ಏರಿ ಮಾತು ಕೆಡಬಹುದು. ತಿದ್ದಿಕೊಳ್ಳದ ಅಬ್ಬರ ಯಂತ್ರಕ್ಕೂ ಒಳ್ಳೆಯದಲ್ಲ.